ಕೆಟ್ಟ ಸಿಬಿಲ್ ಸ್ಕೋರ್ ಸರಿಪಡಿಸುವುದು: ಯಾವುದು ಮೊದಲು, ಯಾವುದು ಆಮೇಲೆ

‘ಸಿಬಿಲ್ ಸರಿಯಿಲ್ಲ’, ಅಂದರೆ ಸಾಲ ತೀರಿಸಿದ ದಾಖಲೆಗೆ ಸಿಕ್ಕ ಅಂಕ ಕಡಿಮೆ, ಎಂದು ಒಂದು ಬ್ಯಾಂಕ್ ಅರ್ಜಿ ತಿರಸ್ಕರಿಸಿದರೆ ಹೆಚ್ಚಿನವರು ಆ ವಾರವೇ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕುತ್ತಾರೆ. ಅಲ್ಲೂ ಅದೇ ಉತ್ತರ ಸಿಗುತ್ತದೆ, ಜೊತೆಗೆ ವರದಿಯಲ್ಲಿ ಇನ್ನೊಂದು ವಿಚಾರಣೆ (ಸಾಲಕ್ಕಾಗಿ ಬ್ಯಾಂಕ್ ನಿಮ್ಮ ವರದಿ ನೋಡಿದ ಗುರುತು) ದಾಖಲಾಗಿ ಅಂಕ ಮತ್ತಷ್ಟು ಇಳಿಯುತ್ತದೆ. ಮೊದಲು ಅರ್ಜಿ ಹಾಕುವುದನ್ನು ನಿಲ್ಲಿಸಿ. ಆ್ಯಪ್‌ಗಳಲ್ಲಿ ಬರುವ ‘ಪ್ರೀ-ಅಪ್ರೂವ್ಡ್’ ಗುಂಡಿಯನ್ನೂ ಒತ್ತಬೇಡಿ. 300ರಿಂದ 900ರ ನಡುವಿನ ಆ ಅಂಕವನ್ನು ನೇರವಾಗಿ ಯಾರೂ ಮುಟ್ಟಲಾರರು. ಅದರ ಕೆಳಗಿರುವ ಒಂದೊಂದೇ ನಮೂದನ್ನು ಸರಿಪಡಿಸುತ್ತ ಬಂದರೆ ಅಂಕ ತಾನಾಗಿ ಮೇಲೇಳುತ್ತದೆ. ಆ ಕೆಲಸಕ್ಕೆ ಒಂದು ಕ್ರಮವಿದೆ. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಈ ಕ್ರಮವೇ ಮುಖ್ಯ.

ವರದಿ ತರಿಸಿಕೊಳ್ಳುವುದು

ಭಾರತದಲ್ಲಿ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಜನ ಎಲ್ಲವನ್ನೂ ‘ಸಿಬಿಲ್’ ಎಂದೇ ಕರೆಯುತ್ತಾರೆ, ಆದರೆ ನಾಲ್ಕರ ಕಡತಗಳೂ ಬೇರೆ ಬೇರೆ. ಒಂದರಲ್ಲಿ ಇಲ್ಲದ ತಪ್ಪು ಇನ್ನೊಂದರಲ್ಲಿ ಇರಬಹುದು. 2017ರಿಂದ ಪ್ರತಿ ಕ್ಯಾಲೆಂಡರ್ ವರ್ಷಕ್ಕೆ ಒಮ್ಮೆ ಪ್ರತಿಯೊಂದು ಕಂಪನಿಯೂ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ಆರ್‌ಬಿಐ ನಿಯಮವಿದೆ. ಪ್ಯಾನ್ ಸಂಖ್ಯೆ, ಹುಟ್ಟಿದ ದಿನಾಂಕ, ಮೊಬೈಲ್ ಒಟಿಪಿ ಕೊಟ್ಟರೆ ಆಯಾ ಕಂಪನಿಯ ಜಾಲತಾಣದಲ್ಲೇ ಸಿಗುತ್ತದೆ. ದುಡ್ಡಿನ ‘ಪ್ಲಾನ್’ಗಳನ್ನು ಮುಂದೆ ಒಡ್ಡುತ್ತಾರೆ, ಉಚಿತ ವಾರ್ಷಿಕ ವರದಿಯ ಕೊಂಡಿ ಪುಟದಲ್ಲಿ ಬೇರೆಲ್ಲೋ ಇರುತ್ತದೆ, ಹುಡುಕಿ.

ಮೊದಲು ಸಿಬಿಲ್ ವರದಿ ತರಿಸಿ. ಮನೆಯಲ್ಲಿ ಯಾರಾದರೂ ಮೈಕ್ರೋಫೈನಾನ್ಸ್ ಗುಂಪಿನಲ್ಲಿ ಸಾಲ ಎತ್ತಿದ್ದರೆ ಹೈ ಮಾರ್ಕ್ ವರದಿಯನ್ನೂ ತಪ್ಪದೆ ನೋಡಿ. ಪಾವತಿ ಆ್ಯಪ್‌ಗಳು ತೋರಿಸುವ ಅಂಕ ಯಾವ ಕಂಪನಿಯದು ಎಂದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಎರಡು ಆ್ಯಪ್‌ಗಳ ನಡುವೆ ಮೂವತ್ತು ನಲವತ್ತು ಅಂಕ ವ್ಯತ್ಯಾಸವಿದ್ದರೆ ಗಾಬರಿಯಾಗಬೇಕಿಲ್ಲ. ನಿಮ್ಮ ವರದಿಯನ್ನು ನೀವೇ ಎಷ್ಟು ಸಲ ನೋಡಿದರೂ ಅಂಕ ಇಳಿಯುವುದಿಲ್ಲ.

ವರದಿ ಓದುವ ಬಗೆ

ಅಂಕ ಬಿಟ್ಟು ಉಳಿದದ್ದನ್ನು ಓದಿ. ಒಂದು ಹಾಳೆಯಲ್ಲಿ ಪ್ರತಿ ಖಾತೆಗೂ ಇಷ್ಟು ಬರೆದುಕೊಳ್ಳಿ: ಸಾಲ ಕೊಟ್ಟವರ ಹೆಸರು, ಸಾಲದ ಬಗೆ, ಅದು ನಿಮ್ಮೊಬ್ಬರದೋ ಜಂಟಿಯೋ ಜಾಮೀನೋ, ಈಗಿನ ಬಾಕಿ, ಅದರಲ್ಲಿ ಗಡುವು ಮೀರಿದ್ದು ಎಷ್ಟು, ಸ್ಥಿತಿ, ಮತ್ತು ‘ಡೇಟ್ ರಿಪೋರ್ಟೆಡ್’. ಕೊನೆಯ ಈ ದಿನಾಂಕವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನೀವು ಸಾಲ ತೀರಿಸಿದ್ದು 2023ರಲ್ಲಿ, ಬ್ಯಾಂಕ್ ಕೊನೆಯ ಬಾರಿ ಮಾಹಿತಿ ಕಳಿಸಿದ್ದು 2021ರಲ್ಲಿ ಎಂದಾದರೆ, ವರದಿ ಇವತ್ತಿಗೂ 2021ರ ಬಾಕಿಯನ್ನೇ ತೋರಿಸುತ್ತಿರುತ್ತದೆ. ಇಂಥಲ್ಲಿ ಕಟ್ಟುವುದೇನೂ ಇಲ್ಲ, ತಿದ್ದಿಸುವುದಷ್ಟೇ ಬಾಕಿ.

ಪ್ರತಿ ಖಾತೆಯ ಕೆಳಗೆ 36 ತಿಂಗಳ ಚೌಕಗಳಿರುತ್ತವೆ. ಕಂತು ಎಷ್ಟು ದಿನ ತಡವಾಯಿತು ಎಂಬ ಲೆಕ್ಕ ಅದು. ಬ್ಯಾಂಕಿನವರು ಡಿಪಿಡಿ ಎನ್ನುತ್ತಾರೆ. 000 ಅಥವಾ ಎಸ್‌ಟಿಡಿ ಇದ್ದರೆ ಸರಿಯಾಗಿ ಕಟ್ಟಿದ್ದೀರಿ. 030 ಇದ್ದರೆ ಮೂವತ್ತು ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಇದ್ದರೆ ಆ ತಿಂಗಳು ಬ್ಯಾಂಕ್ ಮಾಹಿತಿ ಕಳಿಸಿಲ್ಲ ಎಂದಷ್ಟೇ ಅರ್ಥ, ಅದು ನಿಮ್ಮ ತಪ್ಪಲ್ಲ. ಎಸ್‌ಎಂಎ, ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಎಂಬ ಅಕ್ಷರಗಳು ಒಂದಕ್ಕಿಂತ ಒಂದು ಕೆಟ್ಟವು. ತೊಂಬತ್ತು ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ.

ಸ್ಥಿತಿಯ ಜಾಗದಲ್ಲಿ ‘ಸೆಟಲ್ಡ್’ ಎಂದಿದ್ದರೆ ಬ್ಯಾಂಕ್ ಒಂದಷ್ಟು ಬಿಟ್ಟುಕೊಟ್ಟು ಲೆಕ್ಕ ಮುಗಿಸಿದೆ ಎಂದರ್ಥ. ‘ರಿಟನ್ ಆಫ್’ ಎಂದರೆ ಬ್ಯಾಂಕ್ ತನ್ನ ಪುಸ್ತಕದಲ್ಲಿ ಅದನ್ನು ನಷ್ಟ ಎಂದು ಬರೆದುಕೊಂಡಿದೆ. ಸಾಲ ಮನ್ನಾ ಆಯಿತು ಎಂದು ಇದನ್ನು ತಿಳಿದುಕೊಂಡವರು ಬಹಳ ಜನ. ಮನ್ನಾ ಆಗಿಲ್ಲ, ವಸೂಲಿ ಹಕ್ಕು ಹಾಗೇ ಇದೆ, ಮತ್ತು ವರದಿಯಲ್ಲಿ ಇದಕ್ಕಿಂತ ಭಾರವಾದ ಗುರುತು ಕಡಿಮೆ.

ಹೀಗೆ ಬರೆದುಕೊಂಡ ಮೇಲೆ ಖಾತೆಗಳನ್ನು ಮೂರು ಗುಂಪು ಮಾಡಿ: ನಮೂದೇ ತಪ್ಪಾಗಿರುವವು, ನಿಜವಾಗಿ ಬಾಕಿ ಇರುವವು, ತೀರಿದ್ದರೂ ಕೆಟ್ಟ ಗುರುತು ಉಳಿದಿರುವವು. ಮೊದಲ ಗುಂಪಿಗೆ ಖರ್ಚಿಲ್ಲ, ಆದ್ದರಿಂದ ಅಲ್ಲಿಂದಲೇ ಶುರು ಮಾಡಿ.

ತಪ್ಪು ನಮೂದು ತಿದ್ದಿಸುವುದು

ನಮ್ಮ ಕಡೆ ಹೆಸರಿನ ಗೊಂದಲವೇ ದೊಡ್ಡ ಕಾರಣ. ಬ್ಯಾಂಕಿನಲ್ಲಿ ‘ಮಂಜುನಾಥ ಕೆ.’, ಆಧಾರ್‌ನಲ್ಲಿ ‘ಕೆ. ಮಂಜುನಾಥ’, ಪ್ಯಾನ್‌ನಲ್ಲಿ ಇನಿಶಿಯಲ್ ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಸೇರಿಕೊಂಡಿರುತ್ತದೆ. ಹಳೆಯ ಸಾಲಕ್ಕೆ ಪ್ಯಾನ್ ಜೋಡಿಸಿರದಿದ್ದರೆ ಹೆಸರು, ಹುಟ್ಟಿದ ದಿನ, ವಿಳಾಸಗಳ ಮೇಲೆಯೇ ಹೊಂದಾಣಿಕೆ ನಡೆಯುತ್ತದೆ. ಅದೇ ಊರಿನ ಅದೇ ಹೆಸರಿನ ಇನ್ನೊಬ್ಬರ ಟ್ರ್ಯಾಕ್ಟರ್ ಸಾಲ ನಿಮ್ಮ ಕಡತಕ್ಕೆ ಬಂದು ಕೂರುತ್ತದೆ. ಇನ್ನು ಸಾಮಾನ್ಯವಾಗಿ ಕಾಣುವ ತಪ್ಪುಗಳೆಂದರೆ: ತೀರಿದ ಸಾಲ ಇನ್ನೂ ತೆರೆದಿರುವುದು, ಒಂದೇ ಸಾಲ ಬ್ಯಾಂಕಿನ ಹೆಸರಲ್ಲೊಮ್ಮೆ ಅದನ್ನು ಕೊಂಡ ಎಆರ್‌ಸಿ (ಬ್ಯಾಂಕುಗಳ ಕೆಟ್ಟ ಸಾಲ ಕೊಳ್ಳುವ ಕಂಪನಿ) ಹೆಸರಲ್ಲೊಮ್ಮೆ ಬಾಕಿ ತೋರುವುದು, ಚಾಲೂ ಮಾಡದ ಕ್ರೆಡಿಟ್ ಕಾರ್ಡಿಗೆ ಶುಲ್ಕ ಬಾಕಿ ಬರುವುದು. ಗ್ರಾಹಕರು ಚಾಲೂ ಮಾಡುವ ಮೊದಲು ಹೊಸ ಕಾರ್ಡಿನ ಮಾಹಿತಿಯನ್ನು ಕ್ರೆಡಿಟ್ ಕಂಪನಿಗಳಿಗೆ ಕಳಿಸುವಂತೆಯೇ ಇಲ್ಲ. ಆರ್‌ಬಿಐನ 2022ರ ಕಾರ್ಡ್ ನಿರ್ದೇಶನದಲ್ಲೇ ಇದು ಬಂದಿದೆ. ದೂರಿನಲ್ಲಿ ಹಾಗೆಂದೇ ಬರೆಯಿರಿ.

ದೂರನ್ನು ಎರಡು ಕಡೆ ಒಂದೇ ದಿನ ಕೊಡಿ. ಒಂದು, ಕ್ರೆಡಿಟ್ ಕಂಪನಿಯ ಜಾಲತಾಣದ ‘ಡಿಸ್ಪ್ಯೂಟ್’ ವಿಭಾಗದಲ್ಲಿ, ಇದು ಉಚಿತ. ಎರಡು, ಸಾಲ ಕೊಟ್ಟ ಬ್ಯಾಂಕಿಗೆ. ಕಂಪನಿಗೆ ಮಾತ್ರ ಕೊಟ್ಟರೆ ಏನಾಗುತ್ತದೆಂದರೆ, ಅವರು ಬ್ಯಾಂಕನ್ನು ಕೇಳುತ್ತಾರೆ, ಬ್ಯಾಂಕಿನಲ್ಲಿ ಯಾರೋ ಹಳೆಯ ದಾಖಲೆ ನೋಡಿ ‘ಸರಿಯಿದೆ’ ಎನ್ನುತ್ತಾರೆ, ದೂರು ಮುಚ್ಚಿಹೋಗುತ್ತದೆ. ಬ್ಯಾಂಕಿನ ಒಪ್ಪಿಗೆ ಇಲ್ಲದೆ ಕ್ರೆಡಿಟ್ ಕಂಪನಿ ಒಂದಂಕಿಯನ್ನೂ ತಿದ್ದುವಂತಿಲ್ಲ. ಆದ್ದರಿಂದ ಪುರಾವೆ ಬ್ಯಾಂಕಿನ ಮೇಜಿನ ಮೇಲಿರಬೇಕು.

ಬ್ಯಾಂಕಿಗೆ ಕೊಡುವ ಪತ್ರ ಹೀಗಿದ್ದರೆ ಸಾಕು:

“ನನ್ನ ಸಾಲ ಖಾತೆ ಸಂಖ್ಯೆ ……. ಇದನ್ನು ದಿನಾಂಕ …….ರಂದು ಪೂರ್ತಿ ತೀರಿಸಿದ್ದೇನೆ. ನೋ ಡ್ಯೂ ಸರ್ಟಿಫಿಕೇಟ್ ಮತ್ತು ಕೊನೆಯ ಕಂತಿನ ಸ್ಟೇಟ್‌ಮೆಂಟ್ ಲಗತ್ತಿಸಿದೆ. ಆದರೂ ಸಿಬಿಲ್ ವರದಿಯಲ್ಲಿ, ಕಂಟ್ರೋಲ್ ಸಂಖ್ಯೆ ……., ಈ ಖಾತೆಗೆ ₹……. ಬಾಕಿ ತೋರಿಸುತ್ತಿದೆ. ಬಾಕಿ ಸೊನ್ನೆ, ಸ್ಥಿತಿ ಕ್ಲೋಸ್ಡ್ ಎಂದು ತಿದ್ದಿ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಳಿಸಬೇಕೆಂದು ಕೋರುತ್ತೇನೆ. 30 ದಿನ ಮೀರಿದರೆ ನಿಯಮದಂತೆ ದಿನಕ್ಕೆ ₹100 ಪರಿಹಾರವನ್ನು ಈ ಬ್ಯಾಂಕ್ ಖಾತೆಗೆ ಜಮಾ ಮಾಡಿ: …….”

ಕೊನೆಯ ಸಾಲನ್ನು ಬಿಡಬೇಡಿ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದಂತೆ ದೂರು ಕೊಟ್ಟ 30 ದಿನದೊಳಗೆ ತೀರ್ಮಾನವಾಗಬೇಕು. ಕ್ರೆಡಿಟ್ ಕಂಪನಿ ಕೇಳಿದ 21 ದಿನದೊಳಗೆ ಬ್ಯಾಂಕ್ ತಿದ್ದಿದ ಮಾಹಿತಿ ಕಳಿಸದಿದ್ದರೆ ಬ್ಯಾಂಕು, ಬ್ಯಾಂಕ್ ಕಳಿಸಿದ ಮೇಲೂ ಕ್ರೆಡಿಟ್ ಕಂಪನಿ ತಡಮಾಡಿದರೆ ಆ ಕಂಪನಿ ಪರಿಹಾರ ಕೊಡಬೇಕು. ತಿದ್ದಲು ಒಪ್ಪದಿದ್ದರೆ ಕಾರಣ ತಿಳಿಸಲೇಬೇಕು. ‘ನನ್ನ ಅಂಕವನ್ನು ತಪ್ಪಾಗಿ ಲೆಕ್ಕ ಹಾಕಿದ್ದೀರಿ’ ಎಂಬ ದೂರಿಗೆ ಮಾತ್ರ ಈ ಪರಿಹಾರ ಅನ್ವಯಿಸುವುದಿಲ್ಲ, ಆದ್ದರಿಂದ ಪತ್ರದಲ್ಲಿ ಅಂಕದ ಸುದ್ದಿ ಎತ್ತದೆ ನಿರ್ದಿಷ್ಟ ನಮೂದನ್ನೇ ಹಿಡಿಯಿರಿ.

ಶಾಖೆಯಲ್ಲಿ ಪತ್ರ ಕೊಟ್ಟರೆ ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ‘ಹೆಡ್ ಆಫೀಸಿಗೆ ಕಳಿಸಿದ್ದೇವೆ’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಜೊತೆಗೆ ದೂರು ನೋಡಿಕೊಳ್ಳುವ ಬ್ಯಾಂಕಿನ ನೋಡಲ್ ಅಧಿಕಾರಿಗೆ ಇಮೇಲ್ ಮಾಡಿ. 30 ದಿನ ಕಳೆದೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಆರ್‌ಬಿಐನ ದೂರಿನ ಜಾಲತಾಣವಾದ ಸಿಎಂಎಸ್ ಪೋರ್ಟಲ್ ಮೂಲಕ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ; ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಕಂಪನಿಗಳೂ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ. ಮೊದಲು ಬ್ಯಾಂಕಿಗೆ ಕೊಟ್ಟ ದೂರಿನ ಸಂಖ್ಯೆ ಇಲ್ಲದೆ ಹೋದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ.

ನಿಜವಾದ ಬಾಕಿ: ಇರುವ ದುಡ್ಡನ್ನು ಎಲ್ಲಿಗೆ ಹಾಕುವುದು

ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಹಂಚಿದರೆ ಯಾವ ಖಾತೆಯೂ ಸರಿಹೋಗುವುದಿಲ್ಲ. ಒಂದು ಲೆಕ್ಕ ನೋಡೋಣ. ಕೈಯಲ್ಲಿ ₹45,000 ಇದೆ. ಬೈಕ್ ಸಾಲದ ₹3,800ರ ಎರಡು ಕಂತು ತಪ್ಪಿ 58 ದಿನವಾಗಿದೆ. ಬಳಸದೇ ಬಿಟ್ಟ ಹಳೆಯ ಕಾರ್ಡಿನಲ್ಲಿ ₹1,770 ಶುಲ್ಕ ಬಾಕಿ. ಇನ್ನೊಂದು ಕಾರ್ಡಿನ ಮಿತಿ ₹50,000, ಬಾಕಿ ₹48,000, ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ ಬಂದಿದ್ದೀರಿ. ಮೂರು ವರ್ಷ ಹಿಂದೆ ರೈಟ್ ಆಫ್ ಆದ ಪರ್ಸನಲ್ ಲೋನ್ ₹1,40,000. ವಸೂಲಿ ಏಜೆಂಟ್ ಹೆಚ್ಚು ಫೋನ್ ಮಾಡುವುದು ಈ ಕೊನೆಯದಕ್ಕೆ, ಆದ್ದರಿಂದ ಜನ ದುಡ್ಡನ್ನೆಲ್ಲ ಅಲ್ಲಿಗೇ ಹಾಕುತ್ತಾರೆ. ₹45,000 ಕಟ್ಟಿದರೂ ಅದು ರಿಟನ್ ಆಫ್ ಆಗಿಯೇ ಉಳಿಯುತ್ತದೆ, ಇತ್ತ ಬೈಕ್ ಸಾಲ 90 ದಿನ ದಾಟಿ ಹೊಸ ಕೆಟ್ಟ ಗುರುತು ಹುಟ್ಟುತ್ತದೆ.

ಮೊದಲು ಬೈಕ್ ಸಾಲದ ₹7,600 ಪೂರ್ತಿ ಕಟ್ಟಿ. 90 ದಿನದ ಗೆರೆ ದಾಟುವ ಮೊದಲು ಹಿಡಿಯುವುದು ಅಗ್ಗ. ಒಮ್ಮೆ ಎನ್‌ಪಿಎ ಆದರೆ ಒಂದೆರಡು ಕಂತು ಕಟ್ಟಿ ತಪ್ಪಿಸಿಕೊಳ್ಳಲಾಗದು, ಅಸಲು ಬಡ್ಡಿಯ ಹಿಂಬಾಕಿ ಪೂರ್ತಿ ತೀರಿದ ಮೇಲಷ್ಟೇ ಖಾತೆ ಮತ್ತೆ ಸ್ಟ್ಯಾಂಡರ್ಡ್ (ಸರಿಯಾಗಿರುವ ಸಾಲ) ಆಗುತ್ತದೆ. ಎರಡನೆಯದು ಆ ₹1,770. ಶುಲ್ಕ ರದ್ದು ಮಾಡಿ ಎಂದು ಒಮ್ಮೆ ಕೇಳಿ. ಒಪ್ಪದಿದ್ದರೆ ಕಟ್ಟಿ, ಕಾರ್ಡ್ ಮುಚ್ಚಿಸಿ. ಬಾಕಿಯಿಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ ₹500 ನಿಮಗೆ ಕೊಡಬೇಕು. ಸಣ್ಣ ಮೊತ್ತ ಎಂದು ಬಿಟ್ಟ ಬಾಕಿಯೂ ವರದಿಯಲ್ಲಿ ಬಾಕಿಯೇ. ಮುಂದಿನ ತಿಂಗಳ ಬೈಕ್ ಕಂತಿಗೆ ₹3,800 ಎತ್ತಿಟ್ಟು ಉಳಿದ ₹31,830ನ್ನು ಕಾರ್ಡಿಗೆ ಹಾಕಿ. ಬಳಕೆ, ಅಂದರೆ ಮಿತಿಯಲ್ಲಿ ಬಾಕಿಯ ಪಾಲು, 96 ಶೇಕಡದಿಂದ ಸುಮಾರು 32 ಶೇಕಡಕ್ಕೆ ಇಳಿಯುತ್ತದೆ. ಅಂಕ ಬೇಗ ಮೇಲೇರುವುದು ಇಂಥ ಇಳಿಕೆಯಿಂದಲೇ.

ಕನಿಷ್ಠ ಮೊತ್ತ ಕಟ್ಟಿದರೆ ತಡ ಎಂದು ದಾಖಲಾಗುವುದಿಲ್ಲ, ನಿಜ. ಆದರೆ ಇನ್ನೊಂದು ಉದಾಹರಣೆ ನೋಡಿ: ₹60,000 ಬಾಕಿಗೆ ತಿಂಗಳಿಗೆ ಮೂರೂವರೆ ಶೇಕಡ ಬಡ್ಡಿ ಎಂದರೆ ₹2,100, ಅದರ ಮೇಲೆ ಜಿಎಸ್‌ಟಿ ₹378. ನೀವು ಕಟ್ಟಿದ ₹3,000ದಲ್ಲಿ ಅಸಲಿಗೆ ಹೋಗಿದ್ದು ₹522.

ಹಳೆಯ ರೈಟ್ ಆಫ್ ಸಾಲವನ್ನು ಕೈಬಿಡಿ ಎನ್ನುತ್ತಿಲ್ಲ. ಮನೆ ಸಾಲ ಬೇಕೆನ್ನುವವರಿಗೆ ಅದು ತೀರಲೇಬೇಕು. ಉಳಿದವು ಹಳಿಗೆ ಬಂದ ಮೇಲೆ ಅದಕ್ಕೆಂದೇ ದುಡ್ಡು ಕೂಡಿಸಿ, ಒಂದೇ ಸಲಕ್ಕೆ ಮಾತಿಗೆ ಕೂರಿ.

ಸೆಟಲ್‌ಮೆಂಟ್ ಮಾತುಕತೆ

ಬಡ್ಡಿ, ದಂಡ ಬಿಟ್ಟು ಅಸಲು ಪೂರ್ತಿ ಕಟ್ಟುತ್ತೇನೆ, ಖಾತೆಯನ್ನು ‘ಕ್ಲೋಸ್ಡ್’ ಎಂದು ಕಳಿಸುತ್ತೀರಾ ಎಂದು ಮೊದಲು ಕೇಳಿ. ಒಪ್ಪಿದರೆ ಅದು ಒಳ್ಳೆಯ ವ್ಯವಹಾರ. ಒಪ್ಪದೆ ‘ಸೆಟಲ್ಡ್’ ಎಂದೇ ಹಾಕುತ್ತೇವೆ ಎಂದರೆ ಯೋಚಿಸಿ: ಪೂರ್ತಿ ಕಟ್ಟುವ ಶಕ್ತಿ ಒಂದು ವರ್ಷದಲ್ಲಿ ಬರುವಂತಿದ್ದರೆ ಕಾಯುವುದು ಮೇಲು, ಬರುವಂತಿಲ್ಲದಿದ್ದರೆ ರಿಟನ್ ಆಫ್‌ಗಿಂತ ಸೆಟಲ್ಡ್ ವಾಸಿ. ರಾಜಿ ಮಾಡಿಕೊಂಡ ಮೇಲೆ ಅದೇ ಸಂಸ್ಥೆಯಿಂದ ಕನಿಷ್ಠ 12 ತಿಂಗಳು ಹೊಸ ಸಾಲ ಸಿಗುವುದಿಲ್ಲ. ಕೃಷಿಯೇತರ ಸಾಲಗಳಿಗೆ ಆರ್‌ಬಿಐ 2023ರಲ್ಲಿ ಹಾಗೆ ನಿಯಮ ಮಾಡಿದೆ.

ದುಡ್ಡು ಕೊಡುವ ಮೊದಲು ಪತ್ರ ಕೈಗೆ ಬರಲಿ. ಅದರಲ್ಲಿ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕಟ್ಟಬೇಕಾದ ಕೊನೆಯ ದಿನ, ಇದು ಪೂರ್ಣ ಮತ್ತು ಅಂತಿಮ ಎಂಬ ಮಾತು, ಕ್ರೆಡಿಟ್ ಕಂಪನಿಗಳಿಗೆ ಯಾವ ಸ್ಥಿತಿ ಕಳಿಸುತ್ತಾರೆಂಬುದು ಇರಬೇಕು. ಸಂಸ್ಥೆಯ ಅಧಿಕೃತ ಇಮೇಲಿನಿಂದ ಬರಬೇಕು, ಏಜೆಂಟ್ ಕಳಿಸಿದ ವಾಟ್ಸ್‌ಆ್ಯಪ್ ಚಿತ್ರ ನಂಬಬೇಡಿ. ಕಟ್ಟುವುದು ಸಾಲ ಖಾತೆಗೇ. ಏಜೆಂಟನ ಯುಪಿಐಗೆ ಹಾಕಿದ ದುಡ್ಡು ಲೆಕ್ಕಕ್ಕೆ ಸೇರದೆ ಹೋದ ಪ್ರಸಂಗಗಳು ಬೇಕಾದಷ್ಟಿವೆ. ಸಾಲವನ್ನು ಎಆರ್‌ಸಿಗೆ ಮಾರಿದ್ದರೆ ವರ್ಗಾವಣೆಯ ಪತ್ರ ಕೇಳಿ, ಅವರಿಗೇ ಕಟ್ಟಿ, ಹಳೆಯ ಬ್ಯಾಂಕಿನ ನಮೂದಿನಲ್ಲೂ ಬಾಕಿ ಸೊನ್ನೆಯಾಯಿತೇ ಎಂದು ಮರೆಯದೆ ನೋಡಿ.

ಹಿಂದೆಂದೋ ‘ಸೆಟಲ್ಡ್’ ಆದ ಖಾತೆ ಇದ್ದರೆ, ಆಗ ಬಿಟ್ಟುಕೊಟ್ಟ ಮೊತ್ತವನ್ನು ಈಗ ಕಟ್ಟಿ ‘ಕ್ಲೋಸ್ಡ್’ ಮಾಡಿಸಿಕೊಳ್ಳಲು ಕೇಳಬಹುದು. ಒಪ್ಪುವುದು ಬಿಡುವುದು ಸಂಸ್ಥೆಗೆ ಸೇರಿದ್ದು. ಈ ಹಂತದಲ್ಲೂ ಬರಹದ ಉತ್ತರ ಬರುವ ಮೊದಲು ಹಣ ಹಾಕಬೇಡಿ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ನೋಂದಣಿಯಿಲ್ಲದ ಲೇವಾದೇವಿದಾರರು, ಸಣ್ಣ ಸಾಲದವರು ಮನೆ ಮುಂದೆ ಕೂತು ಕಿರುಕುಳ ಕೊಟ್ಟರೆ ಅದಕ್ಕಾಗಿ 2025ರಲ್ಲಿ ಕರ್ನಾಟಕ ಸರ್ಕಾರ ತಂದ ಕಾನೂನಿದೆ, ಪೊಲೀಸ್ ಠಾಣೆಗೆ ಹೋಗಬಹುದು. ಆರ್‌ಬಿಐನಲ್ಲಿ ನೋಂದಾಯಿತ ಸಂಸ್ಥೆಯ ಸಾಲವನ್ನು ಈ ಕಾನೂನು ಅಳಿಸುವುದಿಲ್ಲ. ಅದರ ಬಾಕಿ ವರದಿಯಲ್ಲಿ ಇದ್ದೇ ಇರುತ್ತದೆ.

ಜಾಮೀನು ಹಾಕಿದ ಸಾಲ ನಿಮ್ಮ ವರದಿಯಲ್ಲೂ ಕಾಣುತ್ತದೆ. ಭಾವಮೈದುನ ಕಂತು ತಪ್ಪಿಸಿದರೆ ಅಂಕ ನಿಮ್ಮದೂ ಇಳಿಯುತ್ತದೆ. ಆಗ ಸಂಬಂಧ ಕೆಡುವ ಮಾತು ಬಿಟ್ಟು, ತಪ್ಪಿದ ಕಂತನ್ನು ನೀವೇ ಕಟ್ಟಿ ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳುವುದೇ ಹೆಚ್ಚಿನ ಸಲ ಕಡಿಮೆ ನಷ್ಟದ ದಾರಿ.

ಹೊಸ ಒಳ್ಳೆಯ ದಾಖಲೆ

ಹಳೆಯದು ತೀರಿದರೆ ಸಾಲದು, ಈಗ ಸರಿಯಾಗಿ ಕಟ್ಟುತ್ತಿರುವ ಒಂದಾದರೂ ಖಾತೆ ಬೇಕು. ಸಂಬಳ, ಉಳಿತಾಯ, ಊರಿನ ಚೀಟಿ ಎಷ್ಟು ಚೊಕ್ಕವಾಗಿದ್ದರೂ ವರದಿಗೆ ಅದರ ಅರಿವಿಲ್ಲ. ಬೇರೆ ಯಾರೂ ಸಾಲ ಕೊಡದ ಹೊತ್ತಿನಲ್ಲಿ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್ ಒಳ್ಳೆಯ ದಾರಿ. ಹತ್ತಿಪ್ಪತ್ತು ಸಾವಿರ ಠೇವಣಿ ಇಟ್ಟರೆ ಅದರ ಬಹುಪಾಲು ಮಿತಿಯಾಗಿ ಸಿಗುತ್ತದೆ, ಎಫ್‌ಡಿಗೆ ಬಡ್ಡಿಯೂ ಬರುತ್ತದೆ. ₹20,000 ಮಿತಿಯಲ್ಲಿ ತಿಂಗಳಿಗೆ ನಾಲ್ಕೈದು ಸಾವಿರದ ದಿನಸಿ, ಪೆಟ್ರೋಲಿಗೆ ಬಳಸಿ, ಪೂರ್ತಿ ಕಟ್ಟಿ. ಸಾಮಾನ್ಯವಾಗಿ ವರದಿಗೆ ಹೋಗುವುದು ಬಿಲ್ ತಯಾರಾದ ದಿನದ ಬಾಕಿ. ಒಂದು ತಿಂಗಳು ಖರ್ಚು ಹೆಚ್ಚಾದರೆ ಬಿಲ್ ದಿನಕ್ಕೆ ಎರಡು ದಿನ ಮೊದಲೇ ಒಂದಷ್ಟು ಕಟ್ಟಿಬಿಡಿ. ಗಡುವಿನ ದಿನ ಮರೆತರೆ ಮೂರು ದಿನದೊಳಗೆ ಕಟ್ಟಿ. ಮೂರು ದಿನ ಮೀರಿದ ಮೇಲಷ್ಟೇ ಕಾರ್ಡ್ ಬಾಕಿಯನ್ನು ತಡ ಎಂದು ವರದಿ ಮಾಡಬಹುದು.

ಇಎಂಐ ಕಡಿತದ ಹಿಂದಿನ ಸಂಜೆಯೇ ಖಾತೆಯಲ್ಲಿ ದುಡ್ಡಿರಲಿ. ಕಡಿತ ಬೆಳಗಿನ ಜಾವವೇ ಆಗಬಹುದು, ಮಧ್ಯಾಹ್ನ ಹಾಕಿದ ಹಣ ಬೌನ್ಸ್ ತಪ್ಪಿಸುವುದಿಲ್ಲ. ಒಡವೆ ಸಾಲದ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳ ಕಂತಿಲ್ಲದ್ದರಿಂದ ಮರೆತೇಹೋಗುತ್ತದೆ, ನವೀಕರಣ ತಡವಾದರೆ ಅದೂ ಬಾಕಿ ಎಂದೇ ದಾಖಲಾಗುತ್ತದೆ. ಸಣ್ಣ ಆ್ಯಪ್ ಸಾಲಗಳನ್ನು ‘ಸ್ಕೋರ್ ಏರಿಸಲು’ ತೆಗೆದುಕೊಳ್ಳಬೇಡಿ. ವಿದೇಶಕ್ಕೆ ಹೊರಟವರು ಇಲ್ಲಿನ ಕಾರ್ಡ್ ಮುಚ್ಚಿಸಿ ಹೋಗಿ ಅಥವಾ ಆಟೋ ಪಾವತಿ ಹಾಕಿಡಿ. ಸಿಮ್ ನಿಂತುಹೋದರೆ ಬ್ಯಾಂಕಿನ ಸಂದೇಶ ಯಾವುದೂ ತಲುಪುವುದಿಲ್ಲ, ಶುಲ್ಕದ ಬಾಕಿ ಬೆಳೆಯುತ್ತಲೇ ಇರುತ್ತದೆ.

‘30 ದಿನದಲ್ಲಿ 750’ ಎನ್ನುವವರು

ಸರಿಯಾದ ನಮೂದನ್ನು ದುಡ್ಡು ತೆಗೆದುಕೊಂಡು ಅಳಿಸಿಕೊಡುವ ಅಧಿಕಾರ ಯಾರಿಗೂ ಇಲ್ಲ. ಇವರು ಮಾಡುವುದು ನಿಮ್ಮ ಎಲ್ಲ ಖಾತೆಗಳ ಮೇಲೂ ಡಿಸ್ಪ್ಯೂಟ್ ಹಾಕುವುದು. ಅದನ್ನು ನೀವೇ ಉಚಿತವಾಗಿ ಮಾಡಬಹುದು. ಆಧಾರ್, ಪ್ಯಾನ್, ಒಟಿಪಿ ಕೇಳುವ ಇಂಥವರಲ್ಲಿ ಕೆಲವರು ಅದೇ ದಾಖಲೆಯಲ್ಲಿ ಹೊಸ ಸಾಲ ಎತ್ತುತ್ತಾರೆ. ಹಾಗಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಆ ದೂರಿನ ಪ್ರತಿಯೊಂದಿಗೆ ಸಾಲ ಕೊಟ್ಟ ಸಂಸ್ಥೆಗೆ ಬರೆಯಿರಿ.

ಎಷ್ಟು ಕಾಲ, ಮತ್ತೆ ಅರ್ಜಿ ಯಾವಾಗ

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಹಾಗಾಗಿ ಕಾರ್ಡ್ ಬಳಕೆ ಇಳಿದದ್ದು ಒಂದೆರಡು ತಿಂಗಳಲ್ಲಿ ಕಾಣುತ್ತದೆ. ತಪ್ಪು ನಮೂದಿಗೆ ಒಂದರಿಂದ ಮೂರು ತಿಂಗಳು. ತಡವಾಗಿ ಕಟ್ಟಿದ ಗುರುತು 36 ತಿಂಗಳ ಚೌಕಗಳಲ್ಲಿ ಹಿಂದೆ ಸರಿಯುತ್ತ ಹೋಗಬೇಕು, ಅವಸರ ಮಾಡಿ ಪ್ರಯೋಜನವಿಲ್ಲ. ‘ಏಳು ವರ್ಷವಾದರೆ ತಾನೇ ಅಳಿಸಿಹೋಗುತ್ತದೆ’ ಎಂದು ಕಾದು ಕೂತವರಿದ್ದಾರೆ. ನಿಯಮ ಹೇಳುವುದು ಕನಿಷ್ಠ ಏಳು ವರ್ಷ ಮಾಹಿತಿ ಉಳಿಸಿಕೊಳ್ಳಬೇಕೆಂದು; ಏಳಾದ ಕೂಡಲೇ ಅಳಿಸಬೇಕೆಂದಲ್ಲ. ಬಾಕಿ ಉಳಿದಿರುವ ರಿಟನ್ ಆಫ್ ಖಾತೆಯನ್ನು ಕಾಲದ ಕೈಗೆ ಬಿಡಬೇಡಿ.

ಸಾಲಕ್ಕೆ ಇಷ್ಟೇ ಅಂಕ ಬೇಕೆಂದು ಆರ್‌ಬಿಐ ಎಲ್ಲೂ ನಿಗದಿ ಮಾಡಿಲ್ಲ, ಆಯಾ ಬ್ಯಾಂಕ್ ತನ್ನ ಗೆರೆ ತಾನೇ ಹಾಕಿಕೊಂಡಿರುತ್ತದೆ. ಒಂದು ವರ್ಷ ಒಂದೂ ತಡವಿಲ್ಲದೆ ಕಟ್ಟಿದ ಮೇಲೆ ಸಂಬಳ ಬರುವ ಬ್ಯಾಂಕಿಗೇ ಮೊದಲು ಹೋಗಿ. ಅರ್ಜಿಗೆ ಮುನ್ನ ಮ್ಯಾನೇಜರ್ ಮುಂದೆ ವರದಿ ಇಟ್ಟು, ಹಳೆಯ ಸಾಲಗಳ ನೋ ಡ್ಯೂ ಸರ್ಟಿಫಿಕೇಟ್‌ಗಳನ್ನೂ ತೋರಿಸಿ, ‘ಇದರ ಮೇಲೆ ಆಗುತ್ತದೆಯೇ’ ಎಂದು ಕೇಳಿ. ಆಗುತ್ತದೆ ಎಂದರೆ ಮಾತ್ರ ಸಹಿ ಹಾಕಿ. ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ ಪಡೆಯಿರಿ, ಆ ಕಾರಣ ಸರಿಹೋಗುವವರೆಗೆ ಆರು ತಿಂಗಳು ಬೇರೆಲ್ಲೂ ಅರ್ಜಿ ಹಾಕಬೇಡಿ.